ದೂರ ಸರಿದವರು, ಮರಳಿ ಬರುವವರು

ದೇವರೇ ಇಲ್ಲವೆಂದು ವಾದಿಸುವವರು ನಮ್ಮ ಕೋಲಾರ ಸೀಮೆಯಲ್ಲಿ ವಿರಳ. ಆದರೆ ದೇವರಿದ್ದಾನೆಂದು ಒಪ್ಪಿಕೊಂಡೂ ಅವನು ಇಲ್ಲದಂತೆಯೇ ಬದುಕು ಸಾಗಿಸುತ್ತಿರುವವರಿಗೆ ಲೆಕ್ಕವಿಲ್ಲ. ಮಾಲೂರಿನ ರೈಲು ನಿಲ್ದಾಣದಲ್ಲಿ ಬೆಳಗಿನ ಜಾವ ಬೆಂಗಳೂರಿನ ರೈಲಿಗಾಗಿ ಕಾಯುವ ಯುವಕರನ್ನು ಕೇಳಿ ನೋಡಿ. ನರಸಾಪುರದ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮುಗಿಸಿ ಬಸ್ಸಿನ ಕಿಟಕಿಗೆ ತಲೆಯಾನಿಸಿ ನಿದ್ರಿಸುವ ಹುಡುಗ ಹುಡುಗಿಯರನ್ನು ಕೇಳಿ. ಸುಗ್ಗಿಯ ದಿನಗಳಲ್ಲಿ ಶ್ರೀನಿವಾಸಪುರದ ಮಾವಿನ ಮಂಡಿಗಳಲ್ಲಿ ಲೆಕ್ಕ ಬರೆಯುವವರನ್ನು, ಹೊರೆ ಹೊರುವವರನ್ನು ಕೇಳಿ. ಧರ್ಮವನ್ನು ಬಿಟ್ಟಿದ್ದೇವೆ ಎಂದು ಯಾರೂ ಹೇಳುವುದಿಲ್ಲ. "ಆಗುತ್ತಿಲ್ಲ" ಎನ್ನುತ್ತಾರೆ. ಆ ಒಂದು ಮಾತಿನಲ್ಲಿ ನಾಚಿಕೆಯೂ ಇದೆ, ದಣಿವೂ ಇದೆ, ಎಲ್ಲೋ ಒಂದಿಷ್ಟು ಆಸೆಯೂ ಇದೆ.

ಇಂಥವರ ವಿಷಯದಲ್ಲಿ ನಮಗೆ ಗೊತ್ತಿರುವುದು ಎರಡೇ ದಾರಿ. ಒಂದು ಬೈಗುಳ, ಇನ್ನೊಂದು ಮೌನ. ಮಿಂಬರಿನಿಂದ ನರಕದ ವರ್ಣನೆ ಕೇಳಿಬರುತ್ತದೆ. ಮನೆಯಲ್ಲಿ ಅಬ್ಬಾ ಮುಖ ತಿರುಗಿಸಿಕೊಳ್ಳುತ್ತಾರೆ, ಅಮ್ಮಿ ಒಳಗೊಳಗೇ ಅಳುತ್ತಾರೆ. ಆದರೆ ಮನುಷ್ಯ ಹೇಗೆ ದೂರ ಸರಿಯುತ್ತಾನೆ, ಮರಳಿ ಬರುವುದೆಂದರೆ ನಿಜವಾಗಿ ಏನು, ಹಾಗೆ ಬಂದವನ ವಿಷಯದಲ್ಲಿ ಒಳಗೇ ಇದ್ದವರ ಹೊಣೆ ಏನು ಎಂಬ ಪ್ರಶ್ನೆಗಳನ್ನು ನಾವು ಕುಳಿತು ಚರ್ಚಿಸುವುದು ಅಪರೂಪ.

ಹೂಳು ತುಂಬುವ ಬಗೆ

ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಅದಕ್ಕೆಂದೇ ಹಿರಿಯರು ಮಳೆಯ ನೀರನ್ನು ಹಿಡಿದಿಟ್ಟುಕೊಳ್ಳಲು ಸಾವಿರಾರು ಕೆರೆಗಳನ್ನು ಕಟ್ಟಿದರು. ಒಂದು ಕೆರೆಯ ಕೋಡಿಯ ನೀರು ಇನ್ನೊಂದು ಕೆರೆಗೆ ಹರಿಯುವಂತೆ ಕಾಲುವೆ ತೋಡಿದರು. ಈ ಕೆರೆಗಳು ಬತ್ತಿದ್ದು ಹೇಗೆ? ಊರವರೆಲ್ಲ ಒಂದು ದಿನ ಸಭೆ ಸೇರಿ ಇನ್ನು ನಮಗೆ ಕೆರೆ ಬೇಡವೆಂದು ತೀರ್ಮಾನಿಸಲಿಲ್ಲ. ಯಾರೋ ಒಬ್ಬರು ರಾಜಕಾಲುವೆಯ ಬದಿಯಲ್ಲಿ ಒಂದೆರಡು ಗುಂಟೆ ಒತ್ತಿಕೊಂಡರು. ಹೂಳೆತ್ತುವ ಕೆಲಸವನ್ನು ಮುಂದಿನ ಬೇಸಿಗೆಗೆ ಮುಂದೂಡಿದರು. ನೀಲಗಿರಿ ತೋಪುಗಳು ಎದ್ದವು. ಕೊಳವೆ ಬಾವಿ ಬಂದ ಮೇಲಂತೂ ಕೆರೆಯ ಅಗತ್ಯವೇ ಯಾರಿಗೂ ಕಾಣಲಿಲ್ಲ. ಗುಂಡಿ ಒತ್ತಿದರೆ ನೀರು ಬರುವಾಗ ಆಕಾಶದ ಕಡೆ ಮುಖ ಎತ್ತುವುದೇಕೆ? ಬಾವಿಯ ಆಳ ಸಾವಿರ ಅಡಿ ದಾಟಿ, ಮೇಲೆ ಬರಿಯ ಧೂಳು ಬಂದಾಗಲೇ ಕೆರೆಯ ನೆನಪಾದದ್ದು.

ಶ್ರದ್ಧೆ ಬತ್ತುವುದೂ ಹೀಗೆಯೇ. ಯಾರೂ ಒಂದು ಗ್ರಂಥ ಓದಿ, ವಾದದಲ್ಲಿ ಸೋತು ಈಮಾನ್ ಕಳೆದುಕೊಳ್ಳುವುದಿಲ್ಲ. ಹಾಗೆ ಕಳೆದುಕೊಂಡವರು ನೂರಕ್ಕೊಬ್ಬರೂ ಇರಲಾರರು. ಮೊದಲು ರಾತ್ರಿ ಪಾಳಿಯ ದೆಸೆಯಿಂದ ಫಜ್ರ್ ತಪ್ಪುತ್ತದೆ. ಆಮೇಲೆ ಅಸರ್. ಜುಮಾ ಒಂದು ಉಳಿದುಕೊಳ್ಳುತ್ತದೆ. ಶುಕ್ರವಾರ ಮಧ್ಯಾಹ್ನ ಬಿಡುವು ಕೊಡದ ನೌಕರಿ ಸಿಕ್ಕಿದಾಗ ಅದೂ ಹೋಗಿ ವರ್ಷಕ್ಕೆ ಎರಡು ಈದ್ ಉಳಿಯುತ್ತವೆ. ಕೈಯಲ್ಲಿ ಸಂಬಳ ಆಡುತ್ತಿರುವಷ್ಟು ದಿನ ಯಾವ ಕೊರತೆಯೂ ತೋರುವುದಿಲ್ಲ. ಸಂಬಳವೇ ಕೊಳವೆ ಬಾವಿ. ಅದು ನೀರು ಕೊಡುತ್ತಿರುವವರೆಗೆ ಕೆರೆ ಬತ್ತಿದ್ದು ಅರಿವಿಗೆ ಬರುವುದಿಲ್ಲ.

ಕೆಲವರು ಮರೆತು ದೂರವಾದವರಲ್ಲ, ನೊಂದು ದೂರವಾದವರು. ಮಕ್ತಬ್‌ನಲ್ಲಿ ಹತ್ತು ವರ್ಷದ ಹುಡುಗ "ಹಝರತ್, ಅಲ್ಲಾಹನನ್ನು ಸೃಷ್ಟಿಸಿದವರು ಯಾರು?" ಎಂದು ಕೇಳುತ್ತಾನೆ. ಉತ್ತರವಾಗಿ ಬೆತ್ತದ ಏಟು ಬೀಳುತ್ತದೆ. ಹುಡುಗ ಆಮೇಲೆ ಪ್ರಶ್ನೆ ಕೇಳುವುದಿಲ್ಲ. ಆದರೆ ಪ್ರಶ್ನೆ ಸಾಯುವುದೂ ಇಲ್ಲ. ಅವನು ಕುರ್‌ಆನನ್ನು ಸ್ವರಬದ್ಧವಾಗಿ ಓದಲು ಕಲಿಯುತ್ತಾನೆ, ಅದರ ಒಂದು ಸಾಲಿನ ಅರ್ಥವೂ ತಿಳಿಯದೆ ಬೆಳೆಯುತ್ತಾನೆ. ಕನ್ನಡದಲ್ಲೂ ಉರ್ದುವಿನಲ್ಲೂ ಅನುವಾದಗಳಿದ್ದರೂ ಅವು ಕಪಾಟಿನ ಮೇಲ್ತಟ್ಟಿನಲ್ಲಿ ರೇಷ್ಮೆ ಬಟ್ಟೆಯೊಳಗೆ ಭದ್ರವಾಗಿರುತ್ತವೆ. ಇಪ್ಪತ್ತೈದರ ವಯಸ್ಸಿಗೆ ಅವನು ದೂರ ಸರಿದರೆ ಅವನೊಬ್ಬನನ್ನೇ ದೂರುವುದು ನ್ಯಾಯವೇ?

ಪ್ರಶ್ನೆ ಕೇಳುವುದು ಧರ್ಮಕ್ಕೆ ವಿರೋಧವೆಂದು ಭಾವಿಸುವವರು ಇಮಾಮ್ ಗಝಾಲಿಯವರ ಬದುಕನ್ನು ನೆನೆಯಬೇಕು. ಬಗ್ದಾದಿನ ನಿಝಾಮಿಯಾ ವಿದ್ಯಾಲಯದ ಪ್ರಧಾನ ಪೀಠದಲ್ಲಿ ಕುಳಿತ ಆ ಮಹಾ ವಿದ್ವಾಂಸರು ಒಂದು ಕಾಲದಲ್ಲಿ ಕಣ್ಣಿಗೆ ಕಂಡದ್ದನ್ನೂ ಬುದ್ಧಿಗೆ ಹೊಳೆದದ್ದನ್ನೂ ನಂಬಲಾರದಷ್ಟು ಸಂಶಯಕ್ಕೆ ಸಿಲುಕಿದ್ದರು. ಸುಮಾರು ಎರಡು ತಿಂಗಳು ಆ ವ್ಯಾಧಿ ತಮ್ಮನ್ನು ಕಾಡಿತೆಂದು 'ಅಲ್ ಮುನ್ಕಿಝ್ ಮಿನದ್ದಲಾಲ್' ಎಂಬ ಆತ್ಮವೃತ್ತಾಂತದಲ್ಲಿ ಅವರೇ ಬರೆದಿದ್ದಾರೆ. ಅದರಿಂದ ತಮ್ಮನ್ನು ಪಾರು ಮಾಡಿದ್ದು ತರ್ಕವಲ್ಲ, ಅಲ್ಲಾಹನು ಎದೆಯೊಳಗೆ ಇಳಿಸಿದ ಬೆಳಕು ಎಂಬುದು ಅವರ ಅನುಭವ. 1095ರಲ್ಲಿ ಅವರು ಪದವಿಯನ್ನೂ ಕೀರ್ತಿಯನ್ನೂ ಬಿಟ್ಟು ಬಗ್ದಾದಿನಿಂದ ಹೊರಟರು. ವರ್ಷಗಳ ಏಕಾಂತದ ನಂತರ ಮತ್ತೆ ಪಾಠ ಹೇಳಲು ಕುಳಿತರು. ಹಿಂದೆ ತಾವು ಹೆಸರಿಗಾಗಿ ಕಲಿಸುತ್ತಿದ್ದೆವು ಎಂದು ಅವರು ಒಪ್ಪಿಕೊಂಡದ್ದು ನಮಗೆ ಮುಖ್ಯ. ಪೀಠದ ಮೇಲೆ ಕುಳಿತವನೂ ದೇವರಿಂದ ದೂರವಿರಬಲ್ಲ.

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಮುಳಬಾಗಿಲಿನಲ್ಲೇ 1887ರಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು 1943ರಲ್ಲಿ 'ಮಂಕುತಿಮ್ಮನ ಕಗ್ಗ'ವನ್ನು ಪ್ರಕಟಿಸಿದಾಗ, ಅದರ ಆರಂಭದ ಪದ್ಯಗಳಲ್ಲೇ ಬದುಕಿನ ಅರ್ಥವೇನು, ಸೃಷ್ಟಿಯ ಹಿಂದೆ ಏನಿದೆ ಎಂಬ ಪ್ರಶ್ನೆಗಳನ್ನು ಇಟ್ಟರು. ಒಂದು ಕಡೆ ಶ್ರೀಪಾದರಾಜರ ಬೃಂದಾವನ, ಇನ್ನೊಂದು ಕಡೆ ಹೈದರ್ ವಲಿಯವರ ದರ್ಗಾ ಇರುವ ಊರಿನ ಮಗ ಪ್ರಶ್ನೆ ಕೇಳಿದನೆಂದು ಆ ಊರಿನ ಭಕ್ತಿ ಬಡವಾಗಲಿಲ್ಲ. ಅವರ ದಾರಿ ಬೇರೆ, ನಮ್ಮ ದಾರಿ ಬೇರೆ ಇರಬಹುದು. ಆದರೆ ಪ್ರಾಮಾಣಿಕವಾದ ಸಂಶಯ ಉದಾಸೀನಕ್ಕಿಂತ ಮೇಲು ಎಂಬುದರಲ್ಲಿ ಭೇದವಿಲ್ಲ. ಸಂಶಯಪಡುವವನು ಕನಿಷ್ಠ ಆ ಬಾಗಿಲ ಮುಂದೆ ನಿಂತಿರುತ್ತಾನೆ. ಮರೆತವನು ಆ ಬೀದಿಗೇ ಬರುವುದಿಲ್ಲ.

ಕಷ್ಟದಲ್ಲಿ ನೆನಪಾಗುವ ದೇವರು

2020ರ ಮಾರ್ಚ್ ಕೊನೆಯಲ್ಲಿ ಮಸೀದಿಗಳ ಬಾಗಿಲು ಮುಚ್ಚಿದವು. ಆ ವರ್ಷದ ರಮಝಾನಿನ ತರಾವೀಹ್ ಮನೆಗಳಲ್ಲೇ ನಡೆಯಿತು. ಮುಂದಿನ ವರ್ಷ ಎರಡನೆಯ ಅಲೆಯಲ್ಲಿ ಜನ ಹಾಸಿಗೆಗೆ, ಆಮ್ಲಜನಕಕ್ಕೆ ಊರೂರು ಅಲೆದರು. ತಂದೆಯ ಮುಖವನ್ನು ಕೊನೆಯ ಸಲ ನೋಡಲಾಗದೆ ಮಣ್ಣು ಮಾಡಿ ಬಂದವರಿದ್ದಾರೆ. ಆ ದಿನಗಳಲ್ಲಿ ಎರಡೂ ನಡೆದವು. "ಇಷ್ಟು ದುಆ ಮಾಡಿದೆವಲ್ಲ, ಕೇಳಿಸಲಿಲ್ಲವೇ?" ಎಂದು ಮುಸಲ್ಲಾ ಮಡಚಿಟ್ಟವರಿದ್ದಾರೆ. ವರ್ಷಗಳಿಂದ ನಮಾಝ್ ಮರೆತವರು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೈಯೆತ್ತಿದ್ದೂ ಇದೆ.

ಹೀಗೆ ಕೈಯೆತ್ತಿದವರನ್ನು ಕಂಡು ಒಂದು ಮಾತು ಕೇಳಿಬರುತ್ತದೆ. ಕಷ್ಟ ಬಂದಾಗ ಮಾತ್ರ ನೆನಪಾಗುವ ದೇವರು ನಿಜವಾದ ದೇವರೇ? ಅದು ಭಕ್ತಿಯೇ, ಬರಿಯ ಭಯವೇ? ನಾಸ್ತಿಕರೂ ಇದನ್ನು ಕೇಳುತ್ತಾರೆ, ಅತಿ ಧಾರ್ಮಿಕರೂ ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದು. ಉತ್ತರ ಮಾತ್ರ ಅಷ್ಟು ಸುಲಭವಲ್ಲ.

ಪವಿತ್ರ ಕುರ್‌ಆನ್ ಇಬ್ಬರು ಮುಳುಗಿದವರ ಕಥೆ ಹೇಳುತ್ತದೆ. ಒಬ್ಬ ಫಿರ್‌ಔನ್. ಸಮುದ್ರದ ಅಲೆ ತಲೆಯ ಮೇಲೆ ಬಂದಾಗ ನಾನೂ ನಂಬಿದೆ ಎಂದ. ಅವನ ನಂಬಿಕೆ ಸ್ವೀಕೃತವಾಗಲಿಲ್ಲ. ಇನ್ನೊಬ್ಬರು ಪ್ರವಾದಿ ಯೂನುಸ್(ಅ). ತಮ್ಮ ಜನರ ಮೇಲೆ ಮುನಿದು ಊರು ಬಿಟ್ಟು, ಕೊನೆಗೆ ಮೀನಿನ ಹೊಟ್ಟೆಯ ಕತ್ತಲಲ್ಲಿ ಕೂಗಿದರು. ಅವರ ಕೂಗು ಕೇಳಿಸಿತು. ಇಬ್ಬರೂ ಕೂಗಿದ್ದು ನೀರಿನೊಳಗಿನಿಂದಲೇ, ಬೇರೆ ದಾರಿಯೇ ಇಲ್ಲದಾಗಲೇ. ಹಾಗಾದರೆ ವ್ಯತ್ಯಾಸವೇನು?

ನಮಗೆ ತೋರುವುದು ಇಷ್ಟು. ಯೂನುಸ್(ಅ) ಮೊದಲು ದೇವನ ಪಾವಿತ್ರ್ಯವನ್ನು ಸಾರಿ, ನಂತರ ಅಕ್ರಮಿ ತಾನೇ ಎಂದು ಒಪ್ಪಿಕೊಂಡರು. ಬಿಡುಗಡೆ ಮಾಡು ಎಂಬ ಬೇಡಿಕೆಯೂ ಆ ಪ್ರಾರ್ಥನೆಯಲ್ಲಿ ಬಾಯಿಬಿಟ್ಟು ಬರುವುದಿಲ್ಲ. ಫಿರ್‌ಔನನ ಮಾತಿನಲ್ಲಿ ಸತ್ತವರ, ಗುಲಾಮರಾದವರ, ಕೊಲೆಯಾದ ಮಕ್ಕಳ ನೆನಪೇ ಇಲ್ಲ. ಅವನಿಗೆ ಬೇಕಿದ್ದದ್ದು ದೇವರಲ್ಲ, ದಡ. ಅದೂ ಮರಣ ಕಣ್ಣೆದುರಿಗೆ ಬಂದು, ನಂಬುವ ಬಿಡುವ ಸ್ವಾತಂತ್ರ್ಯವೇ ಮುಗಿದ ಮೇಲೆ.

ಇನ್ನೊಂದು ದೃಷ್ಟಾಂತವನ್ನೂ ಕುರ್‌ಆನ್ ಕೊಡುತ್ತದೆ. ಬಿರುಗಾಳಿಗೆ ಸಿಕ್ಕ ಹಡಗಿನ ಜನ ನಿಷ್ಕಳಂಕವಾಗಿ ಅಲ್ಲಾಹನನ್ನು ಕರೆಯುತ್ತಾರೆ. ದಡ ಸೇರಿಸಿದೊಡನೆ ಹಳೆಯ ಚಾಳಿಗೆ ಮರಳುತ್ತಾರೆ. ಇಲ್ಲಿ ಗಮನಿಸಬೇಕಾದದ್ದಿದೆ. ಹಡಗಿನಲ್ಲಿ ಅವರು ಮಾಡಿದ ಪ್ರಾರ್ಥನೆ ಸುಳ್ಳೆಂದು ಹೇಳಿಲ್ಲ. ಆ ಹೊತ್ತಿನಲ್ಲಿ ಅದು ನಿಜವೇ. ಪರೀಕ್ಷೆ ಇರುವುದು ದಡದ ಮೇಲೆ. ಆದ್ದರಿಂದ ಕಷ್ಟದಲ್ಲಿ ದೇವರನ್ನು ನೆನೆದವನನ್ನು ಹಂಗಿಸುವುದು ಸಲ್ಲದು. ಕಷ್ಟ ಅವನನ್ನು ಕರೆದುಕೊಂಡು ಬಂದ ದಾರಿ ಮಾತ್ರ. ಹಸಿವಾದಾಗ ಮಗು ಅಮ್ಮಿಯನ್ನು ಕರೆದರೆ, ಅನ್ನಕ್ಕಾಗಿ ಮಾತ್ರ ಕರೆದೆ ಎಂದು ಯಾವ ಅಮ್ಮಿ ದೂರುತ್ತಾಳೆ? ಕೇಳಬೇಕಾದ ಪ್ರಶ್ನೆ ಬೇರೆ. ಜ್ವರ ಬಿಟ್ಟ ಮೇಲೆ, ಸಾಲ ತೀರಿದ ಮೇಲೆ, ಬೆಳೆ ಕೈಗೆ ಬಂದ ಮೇಲೆ ನಾವು ಎಲ್ಲಿರುತ್ತೇವೆ?

ಮರಳಿದ ನೀರಿನ ಶುದ್ಧಿ

ತೌಬಾ ಎಂಬ ಅರಬಿ ಪದದ ಮೂಲಾರ್ಥವೇ ಮರಳುವುದು. ನಾವು ಅದನ್ನು ಗಲ್ಲ ಬಡಿದುಕೊಳ್ಳುವ ಶಬ್ದವಾಗಿ ಮಾಡಿಕೊಂಡಿದ್ದೇವೆ. "ತೌಬಾ ತೌಬಾ" ಎಂದರೆ ಮುಗಿಯಿತು.

2018ರ ಜೂನ್‌ನಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಹರಿಸಿದಾಗ ಜನ ಕೆರೆಯ ದಂಡೆಗೆ ಬಂದು ನಿಂತು ನೋಡಿದರು. ಬತ್ತಿದ ಕೆರೆಯಲ್ಲಿ ನೀರು! ಮುಂದೆ ಕೆರೆಯಿಂದ ಕೆರೆಗೆ ನೀರು ಹರಿಯಿತು, ಸುತ್ತಲ ಎಷ್ಟೋ ಬಾವಿಗಳು ಮತ್ತೆ ಕಣ್ಣು ತೆರೆದವು. ಆದರೆ ನೊರೆಯೂ ಬಂತು, ವಿವಾದವೂ ಎದ್ದಿತು, ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿತು. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯ ಹಂತವೂ ಬೇಕೆಂದು ಜಿಲ್ಲೆಯ ಜನ ಕೇಳುತ್ತಲೇ ಬಂದಿದ್ದಾರೆ. ಅವರ ಬೇಡಿಕೆ ಸರಿಯಾದದ್ದು. ನೀರು ಮರಳಿ ಬಂದದ್ದು ಸಂತೋಷ. ಆದರೆ ಮರಳಿ ಬಂದ ಮಾತ್ರಕ್ಕೆ ಅದು ಕುಡಿಯುವ ನೀರಾಗುವುದಿಲ್ಲ.

ಮನುಷ್ಯನ ಮರಳುವಿಕೆಗೂ ಹಂತಗಳಿವೆ. ತಪ್ಪನ್ನು ನಿಲ್ಲಿಸುವುದು, ಅದಕ್ಕಾಗಿ ಮರುಗುವುದು, ಮತ್ತೆ ಮಾಡೆನೆಂದು ನಿಶ್ಚಯಿಸುವುದು. ಈ ಮೂರನ್ನೂ ನಮ್ಮ ಉಲಮಾಗಳು ವಿವರವಾಗಿ ಹೇಳುತ್ತಾರೆ. ಜನರಿಗೆ ಸಂಬಂಧಿಸಿದ ತಪ್ಪಾದರೆ ಇನ್ನೊಂದು ಹಂತವೂ ಇದೆ: ಅವರ ಹಕ್ಕನ್ನು ಅವರಿಗೆ ಹಿಂದಿರುಗಿಸಬೇಕು. ನಮ್ಮಲ್ಲಿ ಬಹುತೇಕರ ಮರಳುವಿಕೆ ಮೂರನೆಯ ಹಂತದಲ್ಲೇ ನಿಂತುಬಿಡುತ್ತದೆ. ಗಡ್ಡ ಬೆಳೆಯುತ್ತದೆ, ಮೊದಲ ಸಾಲಿನಲ್ಲಿ ಜಾಗ ಖಾಯಂ ಆಗುತ್ತದೆ, ಉಮ್ರಾ ಕೂಡ ಆಗುತ್ತದೆ. ಆದರೆ ತಂದೆಯ ಜಮೀನಿನಲ್ಲಿ ಅಕ್ಕತಂಗಿಯರಿಗೆ ಬರಬೇಕಾದ ಪಾಲು ಮಾತ್ರ ಬರುವುದಿಲ್ಲ. "ಅವರೇ ಮಾಫ್ ಮಾಡಿದ್ದಾರೆ" ಎಂಬುದು ಊರೂರಲ್ಲಿ ಕೇಳುವ ಮಾತು. ತವರಿನ ಬಾಗಿಲು ಮುಚ್ಚಿಹೋದೀತೆಂಬ ಅಂಜಿಕೆಯಿಂದ ಹೆಬ್ಬೆಟ್ಟು ಒತ್ತಿದವಳದು ಮಾಫಿಯೇ? ಮಂಡಿಯಲ್ಲಿ ರೈತನ ತೂಕದಲ್ಲಿ ಮುರಿದುಕೊಂಡದ್ದು, ಇಟ್ಟಿಗೆ ಗೂಡಿನ ಆಳಿಗೆ ಕೊಡದೆ ಉಳಿಸಿಕೊಂಡ ಕೂಲಿ, ಇವೆಲ್ಲ ಸಜ್ದಾದಲ್ಲಿ ಕರಗುವಂಥವಲ್ಲ. ಅಲ್ಲಾಹನು ತನ್ನ ಹಕ್ಕನ್ನು ಕ್ಷಮಿಸಿಯಾನು. ದಾಸರ ಹಕ್ಕನ್ನು ದಾಸರಿಂದಲೇ ಬಿಡಿಸಿಕೊಳ್ಳಬೇಕು.

ಫುಝೈಲ್ ಇಬ್ನ್ ಇಯಾಝ್ ಹಿಜರಿ ಎರಡನೆಯ ಶತಮಾನದ ದರೋಡೆಕೋರ. ಖುರಾಸಾನಿನ ದಾರಿಯಲ್ಲಿ ವರ್ತಕರ ತಂಡಗಳನ್ನು ಲೂಟಿ ಮಾಡುತ್ತಿದ್ದವನು. ಒಂದು ರಾತ್ರಿ ಗೋಡೆ ಹತ್ತುವಾಗ ಯಾರೋ ಓದುತ್ತಿದ್ದ ಕುರ್‌ಆನಿನ ಅಲ್ ಹದೀದ್ ಅಧ್ಯಾಯದ ಸೂಕ್ತವೊಂದು ಕಿವಿಗೆ ಬಿತ್ತು. ವಿಶ್ವಾಸಿಗಳ ಹೃದಯ ಮೆತ್ತಗಾಗುವ ಕಾಲ ಇನ್ನೂ ಬರಲಿಲ್ಲವೇ ಎಂಬ ಆಶಯದ ಸೂಕ್ತ ಅದು. ಬಂದಿದೆ ಎಂದುಕೊಂಡು ಇಳಿದು ಹೋದ. ಆ ರಾತ್ರಿ ಒಂದು ಪಾಳು ಕಟ್ಟಡದಲ್ಲಿ ತಂಗಿದಾಗ, ಅಲ್ಲಿದ್ದ ಪ್ರಯಾಣಿಕರು ಫುಝೈಲನ ಭಯದಿಂದ ಬೆಳಗಾಗುವವರೆಗೆ ಹೊರಡುವುದು ಬೇಡವೆಂದು ಮಾತಾಡಿಕೊಳ್ಳುವುದನ್ನು ಕೇಳಿದ. ತಾನು ಎಷ್ಟು ಜನರ ನಿದ್ದೆ ಕದ್ದಿದ್ದೇನೆಂದು ಅವನಿಗೆ ಅರಿವಾದದ್ದು ಆಗ. ಸೂಕ್ತ ಅವನನ್ನು ದೇವರ ಕಡೆ ತಿರುಗಿಸಿದರೆ, ಹೆದರಿದ ಪ್ರಯಾಣಿಕರ ಪಿಸುಮಾತು ಅವನನ್ನು ಜನರ ಕಡೆ ತಿರುಗಿಸಿತು. ದೋಚಿದ್ದನ್ನು ಹುಡುಕಿ ಹುಡುಕಿ ಹಿಂದಿರುಗಿಸಿದರೆಂದು ಚರಿತ್ರಕಾರರು ಹೇಳುತ್ತಾರೆ. ಮುಂದೆ ಅವರು ಮಕ್ಕಾದಲ್ಲಿ ನೆಲೆಸಿ ಮಹಾ ಸಂತರೆನಿಸಿ 803ರಲ್ಲಿ ತೀರಿಕೊಂಡರು. ಅದೇ ಅಧ್ಯಾಯದ ಮುಂದಿನ ಸೂಕ್ತವು ಸತ್ತ ಭೂಮಿಗೆ ಅಲ್ಲಾಹನು ಮತ್ತೆ ಜೀವ ಕೊಡುವುದನ್ನು ನೆನಪಿಸುತ್ತದೆ. 2021ರ ಹಿಂಗಾರಿನಲ್ಲಿ ವರ್ಷಗಟ್ಟಲೆ ಒಣಗಿ ಬಿರುಕುಬಿಟ್ಟಿದ್ದ ಕೆರೆಗಳು ಕೋಡಿ ಬಿದ್ದದ್ದನ್ನು ಕಂಡ ಕೋಲಾರದವರಿಗೆ ಇದಕ್ಕೆ ಬೇರೆ ವ್ಯಾಖ್ಯಾನ ಬೇಕಿಲ್ಲ.

ಎದ್ದು ಬಂದ ಒಬ್ಬ ತಲ್ಹಾ

ಈಗ ಒಳಗಿರುವವರ ಮಾತು. ಬಹಳ ದಿನಗಳ ಮೇಲೆ ಒಬ್ಬ ಯುವಕ ಮಸೀದಿಯ ಹೊಸ್ತಿಲು ತುಳಿಯುತ್ತಾನೆ. ವುಝೂ ಮಾಡುವಾಗಲೇ ಯಾರೋ ನಗುತ್ತಾ "ಕ್ಯಾ ಭಾಯ್, ಈದ್ ಕಾ ಚಾಂದ್ ಹೋಗಯೇ!" ಎನ್ನುತ್ತಾರೆ. ಇನ್ನೊಬ್ಬರು ಅವನ ಪ್ಯಾಂಟಿನ ಉದ್ದ ನೋಡುತ್ತಾರೆ. ಮತ್ತೊಬ್ಬರು ಅವನ ಬರಿದಾದ ತಲೆ ನೋಡುತ್ತಾರೆ. ಸಲಾಮ್ ಆದ ಮೇಲೆ ಅವನ ಯೋಗಕ್ಷೇಮ ಕೇಳುವವರಿಲ್ಲ. ಮುಂದಿನ ಶುಕ್ರವಾರ ಅವನು ಬರುವುದಿಲ್ಲ. ಬರದಿದ್ದಕ್ಕೂ ಅವನೇ ಅಪರಾಧಿ.

ತಬೂಕ್ ಯಾತ್ರೆಗೆ ಹೋಗದೆ ಹಿಂದುಳಿದ ಕಅಬ್ ಇಬ್ನ್ ಮಾಲಿಕ್‌ರ(ರ) ಪ್ರಸಂಗ ಹದೀಸ್ ಗ್ರಂಥಗಳಲ್ಲಿ ಸವಿಸ್ತಾರವಾಗಿದೆ. ಹಿಜರಿ ಒಂಬತ್ತನೆಯ ವರ್ಷ. ಬೇರೆಯವರು ಸುಳ್ಳು ನೆಪ ಹೇಳಿ ಪಾರಾದರು. ಕಅಬ್ ಮತ್ತಿಬ್ಬರು ನಿಜ ಹೇಳಿದರು. ಐವತ್ತು ದಿನ ಮದೀನಾದಲ್ಲಿ ಯಾರೂ ಅವರೊಡನೆ ಮಾತಾಡಲಿಲ್ಲ. ಭೂಮಿ ವಿಶಾಲವಾಗಿದ್ದೂ ಅವರಿಗೆ ಇಕ್ಕಟ್ಟಾಯಿತು. ಕೊನೆಗೆ ಕ್ಷಮೆಯ ಸೂಕ್ತ ಅವತೀರ್ಣವಾಯಿತು. ಆ ಸೂಕ್ತದ ಕ್ರಮವನ್ನು ನೋಡಿ: ಅವರು ಮರಳಲೆಂದು ಅಲ್ಲಾಹನೇ ಮೊದಲು ಅವರ ಕಡೆ ಮರಳಿದನು. ನಾವು ಹುಡುಕಿಕೊಂಡು ಹೊರಡುವ ಮುನ್ನವೇ ಅವನು ನಮ್ಮನ್ನು ಹುಡುಕುತ್ತಿರುತ್ತಾನೆ. ಮರಳಬೇಕೆಂಬ ತುಡಿತವೇ ಅವನ ಕರೆ.

ಕಅಬ್(ರ) ಮಸೀದಿಗೆ ಬಂದಾಗ ತಲ್ಹಾ ಇಬ್ನ್ ಉಬೈದುಲ್ಲಾಹ್(ರ) ಕುಳಿತಲ್ಲಿಂದ ಎದ್ದು, ಓಡಿಬಂದು, ಕೈ ಹಿಡಿದು ಅಭಿನಂದಿಸಿದರು. ಮುಹಾಜಿರರಲ್ಲಿ ಎದ್ದುಬಂದವರು ಅವರೊಬ್ಬರೇ. ತಲ್ಹಾರ ಆ ನಡತೆಯನ್ನು ಕಅಬ್ ಮುಪ್ಪಿನವರೆಗೂ ಮರೆಯಲಿಲ್ಲ. ನಮ್ಮ ಒಂದೊಂದು ಮಸೀದಿಯಲ್ಲೂ ಹಾಗೆ ಎದ್ದು ಬರುವ ಒಬ್ಬ ತಲ್ಹಾ ಇದ್ದರೆ ಎಷ್ಟು ಯುವಕರು ಉಳಿಯುತ್ತಿದ್ದರೋ!

ಹೆಣ್ಣುಮಕ್ಕಳ ವಿಷಯವನ್ನಂತೂ ನಾವು ಎತ್ತುವುದೇ ಇಲ್ಲ. ಗಂಡಸು ದೂರವಾದರೆ ಮಸೀದಿಯ ಸಾಲಿನಲ್ಲಿ ಜಾಗ ಖಾಲಿ ಕಾಣುತ್ತದೆ. ಹೆಂಗಸಿನ ಶ್ರದ್ಧೆ ಬತ್ತಿದರೆ ಯಾರಿಗೂ ಗೊತ್ತಾಗುವುದಿಲ್ಲ. ಅವಳು ಇಫ್ತಾರಿಗೆ ಸಮೋಸ ಕರಿಯುತ್ತಲೇ ಇರುತ್ತಾಳೆ, ಮಕ್ಕಳನ್ನು ಮಕ್ತಬ್‌ಗೆ ಕಳಿಸುತ್ತಲೇ ಇರುತ್ತಾಳೆ. ಒಳಗೆ ಬರಡು. ಧರ್ಮದ ಹೆಸರಿನಲ್ಲಿ ಅವಳಿಗೆ ಸಿಕ್ಕಿದ್ದು ಕೆಲಸ ಮತ್ತು ಕಟ್ಟಳೆ. ಕುಳಿತು ಕೇಳಲು ಒಂದು ಪ್ರವಚನ, ನಮಾಝಿಗೆ ಒಂದು ಮೂಲೆ, ಪ್ರಶ್ನೆಗೆ ಒಂದು ಉತ್ತರ ನಮ್ಮ ಎಷ್ಟು ಊರುಗಳಲ್ಲಿ ಅವಳಿಗಿದೆ? ಮರಳುವ ದಾರಿ ಅವಳಿಗೂ ಬೇಕಲ್ಲವೇ?

ನಿರಾಶೆಯೇ ಹೆಚ್ಚಿನ ದೂರ

ದೂರ ಹೋದವನನ್ನು ಹೆಚ್ಚು ದೂರ ಒಯ್ಯುವುದು ಪಾಪವಲ್ಲ, ಇನ್ನು ನನ್ನಿಂದಾಗದು ಎಂಬ ನಿರಾಶೆ. ತಮ್ಮ ಮೇಲೆ ತಾವೇ ಅತಿರೇಕ ಮಾಡಿಕೊಂಡವರನ್ನೂ ಕುರ್‌ಆನ್ 'ನನ್ನ ದಾಸರೇ' ಎಂಬ ಮಮತೆಯಿಂದ ಕರೆದು, ಕಾರುಣ್ಯದ ಬಗ್ಗೆ ನಿರಾಶರಾಗದಿರಲು ಹೇಳುತ್ತದೆ. ಪ್ರವಾದಿ ಮುಹಮ್ಮದ್(ಸ) ಕೊಟ್ಟ ಉಪಮೆ ಇನ್ನೂ ಹತ್ತಿರದ್ದು. ಮರುಭೂಮಿಯಲ್ಲಿ ಅನ್ನ ನೀರು ಹೊತ್ತ ಒಂಟೆಯನ್ನು ಕಳೆದುಕೊಂಡು ಸಾಯಲೆಂದು ಮಲಗಿದವನು ಕಣ್ಣು ತೆರೆದಾಗ ಒಂಟೆ ಎದುರಿಗೇ ನಿಂತಿರುತ್ತದೆ. ಅವನ ಸಂತೋಷಕ್ಕಿಂತ ದಾಸನ ಮರಳುವಿಕೆಯಿಂದ ಅಲ್ಲಾಹನಿಗಾಗುವ ಸಂತೋಷ ಹೆಚ್ಚಿನದು.

ಶ್ರೀನಿವಾಸಪುರದ ಮಾವಿನ ರೈತನಿಗೆ ಒಂದು ವರ್ಷ ಮರ ತುಂಬಿ ಬಂದರೆ ಇನ್ನೊಂದು ವರ್ಷ ಕೊಂಬೆ ಬರಿದೆಂದು ಗೊತ್ತು. 2025ರ ಜೂನ್‌ನಲ್ಲಿ ತೋತಾಪುರಿಯ ಬೆಲೆ ಕುಸಿದು ಕೊಯ್ಲಿನ ಕೂಲಿಯೂ ಹುಟ್ಟದೆ ಅವನು ಬೀದಿಗಿಳಿದದ್ದೂ ಉಂಟು. ಆದರೂ ಕಾಯಿ ಬಿಡದ ವರ್ಷ ಅವನು ಮರ ಕಡಿಯುವುದಿಲ್ಲ. ಬುಡಕ್ಕೆ ಗೊಬ್ಬರ ಹಾಕುತ್ತಾನೆ. ನಮ್ಮ ಮಕ್ಕಳ ವಿಷಯದಲ್ಲಿ ನಮಗೆ ಅಷ್ಟು ತಾಳ್ಮೆ ಬೇಡವೇ? ಧರ್ಮದಲ್ಲಿ ಬಲಾತ್ಕಾರವಿಲ್ಲವೆಂದು ಅನ್ಯರಿಗೆ ಹೆಮ್ಮೆಯಿಂದ ಹೇಳುವ ನಾವು ಅದನ್ನು ಮೊದಲು ಮನೆಯೊಳಗೆ ಪಾಲಿಸಬೇಕು. ಮಗ ನಮಾಝ್ ಬಿಟ್ಟನೆಂದು ಮಾತು ಬಿಟ್ಟರೆ ಅವನು ನಮಾಝನ್ನೂ ಮನೆಯನ್ನೂ ಎರಡನ್ನೂ ಬಿಡುತ್ತಾನೆ. ಮರಳಲು ಅವನಿಗೆ ಮನೆಯೇ ಉಳಿಯುವುದಿಲ್ಲ.

"ಸುಬಹ್ ಕಾ ಭೂಲಾ ಶಾಮ್ ಕೋ ಘರ್ ಆಯೇ ತೋ ಉಸೇ ಭೂಲಾ ನಹೀಂ ಕೆಹತೇ" ಎಂಬ ಗಾದೆಯನ್ನು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಬೆಳಿಗ್ಗೆ ದಾರಿ ತಪ್ಪಿದವನು ಸಂಜೆ ಮನೆ ಸೇರಿದರೆ ಅವನನ್ನು ದಾರಿ ತಪ್ಪಿದವನೆನ್ನುವುದಿಲ್ಲ. ಈ ಗಾದೆ ನಿಜವಾಗಬೇಕಾದರೆ ಬಂದವನು ತನ್ನ ಮೇಲಿನ ಋಣಗಳನ್ನು ತೀರಿಸಲು ಸಿದ್ಧನಾಗಿರಬೇಕು. ಮನೆಯಲ್ಲಿದ್ದವರು ಅಷ್ಟು ಹೊತ್ತು ಎಲ್ಲಿದ್ದೆ ಎಂದು ಕೇಳುವ ಮೊದಲು ಊಟ ಬಡಿಸಬೇಕು. ಈ ಶುಕ್ರವಾರ ನಮ್ಮ ಪಕ್ಕದಲ್ಲಿ ಹೊಸ ಮುಖವೊಂದು ಕಂಡರೆ ಅಷ್ಟನ್ನಾದರೂ ನೆನಪಿಟ್ಟುಕೊಳ್ಳೋಣ. ಸ್ವಲ್ಪ ಸರಿದು, ಸಾಲಿನಲ್ಲಿ ಜಾಗ ಮಾಡಿಕೊಡೋಣ.